ತೌಡಿಗೆ ಮಾರಿದ ಮಗು

ಹಗರೆಯಲ್ಲಿ ಬಸ್ಸು ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದ. ನಾವು ಇಳಿದು ನೆರಳು ಹುಡುಕಿಕೊಂಡೆವು. ರಸ್ತೆಗೆ ತಾಗಿದ ಮನೆಯ ಅಂಗಳದಲ್ಲಿ ಒಬ್ಬಾಕೆ ಬಾನಿಗೆ ಬಿಸಿನೀರು ಹೊಯ್ದು ತೌಡು ಕಲಸುತ್ತಿದ್ದಳು. ಎಮ್ಮೆ ಹಗ್ಗ ಜಗ್ಗಿಕೊಂಡು ಅವಳ ಮೊಣಕೈ ಮೂಸುತ್ತಿತ್ತು. ಬಿಸಿನೀರು ಬಿದ್ದ ತೌಡಿಗೆ ಒಂದು ವಾಸನೆ ಇದೆ, ಅರ್ಧ ಸಿಹಿ, ಅರ್ಧ ಧೂಳು. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಅಕ್ಕನ ಮಗಳು ತಿಪ್ಪಿಯ ನೆನಪಾಯಿತು.

ನೆನಪಾಯಿತು ಎಂದರೆ ಏನು ಬಂತು? ಒಂದು ವಾಸನೆ ಇಡೀ ವರ್ಷವನ್ನು ಹೊತ್ತು ತಂದಿತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಬಂದದ್ದು ಒಂದು ಮೊರ, ಅದರಲ್ಲಿ ಮಲಗಿದ ಒಂದು ಕೂಸು, ಪಕ್ಕದಲ್ಲಿ ಒಂದು ಹಿಡಿ ತೌಡು. ಅದನ್ನೂ ನಾನು ಕಣ್ಣಾರೆ ಕಂಡವನಲ್ಲ. ಅಕ್ಕ ಹೇಳಿದ್ದನ್ನು ಮತ್ತೆ ಮತ್ತೆ ಕೇಳಿ ಕಂಡೆನೆಂದುಕೊಂಡವನು. ಉಳಿದದ್ದನ್ನು ಬೇಲೂರು ಮುಟ್ಟುವಷ್ಟರಲ್ಲಿ ಒಂದಕ್ಕೊಂದು ಜೋಡಿಸಿದೆ. ಜೋಡಿಸಿದ ಕಡೆ ಬಿರುಕು ಕಂಡರೆ ಮುಚ್ಚುವುದಿಲ್ಲ.

ಆಗ ನಾನು ಹಳೇಬೀಡಿನ ಶಾಲೆಗೆ ಮೇಷ್ಟ್ರಾಗಿ ಹೊಸದಾಗಿ ಬಂದಿದ್ದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಒಂದು ವರ್ಷ. ನನ್ನ ಅಕ್ಕ ಲಕ್ಷ್ಮಿಯನ್ನು ಬೇಲೂರಿಗೆ ಕೊಟ್ಟಿತ್ತು. ಶನಿವಾರ ಶಾಲೆ ಅರ್ಧ ದಿನ. ಬಿಟ್ಟ ಕೂಡಲೇ ಅಕ್ಕನ ಮನೆಗೆ ಹೊರಡುತ್ತಿದ್ದೆ. ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಕಾಲು. ಭಾವನವರು ದೇವಸ್ಥಾನವೊಂದರ ಅಡಿಗೆಮನೆಯಲ್ಲಿ ನೈವೇದ್ಯದ ಕೆಲಸ ಮಾಡುತ್ತಿದ್ದರು. ತಲೆತಲಾಂತರದಿಂದ ಬಂದ ಸೇವೆ. ಆ ಮನೆಯಲ್ಲಿ ಊಟಕ್ಕೆ ಕೊರತೆ ಎಂಬುದಿರಲಿಲ್ಲ. ಮಧ್ಯಾಹ್ನ ಬೆಳ್ಳಗಿನ ಅನ್ನ, ಪೊಂಗಲು, ಮೊಸರನ್ನ ಬಿಸಿಬಿಸಿಯಾಗಿ ಬರುತ್ತಿತ್ತು. ನಾನು ಶನಿವಾರಕ್ಕಾಗಿ ಕಾಯುತ್ತಿದ್ದುದರಲ್ಲಿ ಅಕ್ಕನ ಪಾಲೆಷ್ಟು, ಪೊಂಗಲಿನ ಪಾಲೆಷ್ಟು ಎಂದು ಈಗ ಹೇಳಲಾರೆ.

ಅಂಥ ಮನೆಯಲ್ಲಿ ಒಂದು ಮಗು ಬೆಳೆಯದೆ ಕೂತಿತ್ತು.

ಅಕ್ಕನಿಗೆ ತಿಪ್ಪಿಗಿಂತ ಮುಂಚೆ ಹುಟ್ಟಿದ ಇಬ್ಬರೂ ಹಾಲುಗಲ್ಲದಲ್ಲೇ ಹೋಗಿದ್ದರು. ಮೂರನೆಯದು ಹುಟ್ಟಿದಾಗ ಅವಳ ಅತ್ತೆ ಸುಬ್ಬಮ್ಮನವರು ಆ ಕಡೆಯ ಪದ್ಧತಿಯಂತೆ ಎಲ್ಲವನ್ನೂ ಮಾಡಿಸಿದರು. ಶಾರದೆ ಎಂದು ಹೆಸರಿಟ್ಟು ಅದನ್ನು ಯಾರೂ ಕೂಗದಂತೆ ಮಾಡಿದರು. ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ತಿಪ್ಪಿ ಎಂದರು. ಆಮೇಲೆ ಮಗುವನ್ನು ಮೊರದಲ್ಲಿಟ್ಟು, ಹೆತ್ತ ಮಕ್ಕಳೆಲ್ಲ ಉಳಿದಿರುವ ಒಬ್ಬ ಹೆಂಗಸಿಗೆ ಮಾರಿದರು. ಕೊಂಡವಳು ಕೊಟ್ಟ ಬೆಲೆ ಒಂದು ಹಿಡಿ ತೌಡು. ಈ ಮಗು ಈ ಮನೆಯದಲ್ಲ, ಯಾರಿಗೂ ಬೇಡವಾಗಿ ತೌಡಿಗೆ ಹೋದದ್ದು ಎಂದು ಸಾವಿಗೆ ಕೇಳಿಸಬೇಕು. ಕೇಳಿಸಿದರೆ ಅದು ಬೇರೆ ಬಾಗಿಲು ನೋಡಿಕೊಳ್ಳುತ್ತದೆ. ಮಾರಿದ ಮೇಲೆ ಮಗು ಹೆತ್ತವಳ ಹತ್ತಿರವೇ ಬೆಳೆಯುತ್ತದೆ. ಮಾತು ಮಾತ್ರ ಹಾಗೇ ನಿಂತಿರುತ್ತದೆ.

ಕೊಂಡವಳು ಮಾದಿಹಳ್ಳಿಯ ಗೌಡರ ಮನೆಯ ಕೆಂಪವ್ವ. ವಾರಕ್ಕೊಮ್ಮೆ ಬೇಲೂರಿನ ಸಂತೆಗೆ ಗಾಡಿಯಲ್ಲಿ ಬಂದು ಅಕ್ಕನ ಮನೆಗೆ ಬೆಣ್ಣೆ ಹಾಕಿ ಹೋಗುತ್ತಿದ್ದಳು. ಹಿತ್ತಿಲ ಬಾಗಿಲಲ್ಲಿ ನಿಂತು, ನನ್ನ ಮಗೀನ ಏನ್ ಮಾಡ್ದ್ರಿ ಅವ್ವಾರೆ, ಎಂದು ಜೋರಾಗಿ ಕೇಳುತ್ತಿದ್ದಳು. ಆ ತಮಾಷೆ ಸುಬ್ಬಮ್ಮನವರಿಗೆ ಹಿಡಿಸುತ್ತಿತ್ತು. ಜೋರಾಗಿ ಕೇಳಿದಷ್ಟೂ ಒಳ್ಳೆಯದೇ, ಕೇಳಬೇಕಾದವರಿಗೆ ಕೇಳಲಿ.

ಆದರೆ ಸುಬ್ಬಮ್ಮನವರು ಮಾರಿದ್ದೊಂದನ್ನೇ ನೆಚ್ಚಿ ಕೂರಲಿಲ್ಲ. ನಡುಮನೆಯ ಪಕ್ಕದಲ್ಲಿ ಒಂದು ಕೋಣೆ. ಕಿಟಕಿ ಇಲ್ಲ. ಬಾಣಂತಿತನ ಮುಗಿದು ಎಷ್ಟೋ ಕಾಲವಾದರೂ ತಿಪ್ಪಿ ಆ ಕೋಣೆಯಲ್ಲೇ. ಬೀದಿಯವರ ಕಣ್ಣು, ಗಾಳಿ, ಬಿಸಿಲು, ನೆಲದ ತಂಪು, ಯಾವುದೂ ಅವಳಿಗೆ ತಾಗಬಾರದು. ಕೊಡುವುದು ತಿಳಿಗಂಜಿ, ಮೆತ್ತಗೆ ಕಿವುಚಿದ ಅನ್ನ, ತೇದ ಬಜೆ. ಬೇಳೆ ವಾಯು, ರಾಗಿ ಭಾರ, ಹಸುವಿನ ಹಾಲು ಮಂದ. ಸುಬ್ಬಮ್ಮನವರನ್ನು ಕೆಟ್ಟ ಅತ್ತೆ ಎಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತದೆ, ಆದರೆ ಅದು ಸುಳ್ಳು. ರಾತ್ರಿಯಿಡೀ ಮಗುವಿನ ಬೆನ್ನು ತಟ್ಟುತ್ತಿದ್ದವರು ಅವರೇ. ಅವರು ಹೆತ್ತ ಮಕ್ಕಳಲ್ಲಿ ಉಳಿದದ್ದು ಭಾವನವರು ಒಬ್ಬರು. ಭಾವನವರು ಉಳಿದದ್ದು ಇದೇ ಕೋಣೆಯಲ್ಲಿ, ಇದೇ ಪಥ್ಯದಲ್ಲಿ. ಕಣ್ಣೆದುರಿಗೆ ಉಳಿದ ಮಗನಿಗಿಂತ ದೊಡ್ಡ ರುಜುವಾತು ಅವರಿಗೆ ಯಾವುದು ಬೇಕಿತ್ತು?

ಭಾವನವರು ಗಿಡ್ಡಾಳು. ಕಾಲು ಮಂಡಿಯ ಹತ್ತಿರ ಹೊರಕ್ಕೆ ಬಾಗಿದ್ದವು. ಕೊಳಗ ಹೊತ್ತು ನಡೆದರೆ ಇಡೀ ಮೈ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಅದು ನಮ್ಮ ವಂಶದ ಕಾಲು ಎಂದು ಸುಬ್ಬಮ್ಮನವರು ಹೇಳುವಾಗ ದನಿಯಲ್ಲಿ ಒಂದು ಬಗೆಯ ಅಭಿಮಾನವಿರುತ್ತಿತ್ತು. ತಿಪ್ಪಿಯ ಕಾಲೂ ಹಾಗೇ ಬಾಗತೊಡಗಿದಾಗ ಅವರಿಗೆ ಗಾಬರಿಯಾಗಲಿಲ್ಲ. ಮೊಮ್ಮಗಳು ಮಗನನ್ನು ಹೋಲುತ್ತಿದ್ದಾಳೆ ಎಂದುಕೊಂಡರು.

ಗಾಬರಿಯಾದದ್ದು ಅಕ್ಕನಿಗೆ. ಎರಡು ವರ್ಷ ತುಂಬುತ್ತ ಬಂದರೂ ತಿಪ್ಪಿ ನಿಲ್ಲುತ್ತಿರಲಿಲ್ಲ. ಕೂರಿಸಿದರೆ ಕೂರುತ್ತಿದ್ದಳು, ಹೊಟ್ಟೆ ಮುಂದಕ್ಕೆ ಬಂದು, ಬೆನ್ನು ಗೂನಾಗಿ. ನಿದ್ದೆಯಲ್ಲಿ ತಲೆ ಬೆವರಿ ದಿಂಬು ಒದ್ದೆಯಾಗುತ್ತಿತ್ತು. ನೆತ್ತಿಯ ಮೆದು ಇನ್ನೂ ಕೂಡಿರಲಿಲ್ಲ. ಅವಳು ಅಳುವುದೂ ಕಡಿಮೆ, ನಗುವುದೂ ಕಡಿಮೆ. ಯಾರಾದರೂ ಎತ್ತಿಕೊಂಡರೆ ನೋವಾದವಳ ಹಾಗೆ ಮುಖ ಕಿವುಚುತ್ತಿದ್ದಳು. ಅಕ್ಕ ಇದನ್ನೆಲ್ಲ ನನಗೆ ಹೇಳಿದ್ದು ಬಾವಿಕಟ್ಟೆಯ ಹತ್ತಿರ, ಹಗ್ಗದ ಸದ್ದಿನ ನಡುವೆ. ಒಳಗೆ ಹೇಳುವ ಹಾಗಿರಲಿಲ್ಲ. ಹೇಳಿ ಮುಗಿಸಿ, ನಡೆಯೋ ಮಗು ಮಾಡಿಕೊಡೋ ನಾಣಿ, ಬೇರೇನೂ ಬೇಡ, ಎಂದಳು. ನಾನೇನು ಮಾಡಲಿ? ಇಪ್ಪತ್ತೆರಡು ವರ್ಷದ ಮೇಷ್ಟ್ರು. ಮಕ್ಕಳೆಂದರೆ ನನಗೆ ಬೆಂಚಿನ ಮೇಲೆ ಕೂತವರು.

ಶ್ರಾವಣದಲ್ಲಿ ತವರಿಗೆ ಕರೆದುಕೊಂಡು ಹೋಗುವ ನೆವ ಸಿಕ್ಕಿತು. ನಮ್ಮ ತಂದೆ ಅರಸೀಕೆರೆಯಲ್ಲಿದ್ದರು. ಸುಬ್ಬಮ್ಮನವರು ಮಗುವಿಗೆ ಕಿವಿ ಮುಚ್ಚುವಂತೆ ಕುಲಾವಿ ಕಟ್ಟಿ, ಮುಖದ ಮೇಲೆ ಸೆರಗು ಎಳೆದು ಕಳಿಸಿದರು. ನಾವು ಹಳೇಬೀಡು ದಾಟಿ ಜಾವಗಲ್ಲಿನ ಮೇಲೆ ಮೋಟಾರಿನಲ್ಲಿ ಹೋದೆವು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಜಾವಗಲ್ಲಿನಲ್ಲಿ ಮೋಟಾರಿಗೆ ನೀರು ಹಾಕಲು ನಿಲ್ಲಿಸಿದಾಗ, ಎದುರಿನ ಸೀಟಿನಲ್ಲಿದ್ದ ಹೆಂಗಸು ಸೆರಗು ಸರಿಸಿ ನೋಡಿ, ಎಷ್ಟು ತಿಂಗಳವ್ವ ಕೂಸಿಗೆ, ಎಂದಳು. ಅವಳ ತೊಡೆಯ ಮೇಲೂ ಒಂದು ಮಗುವಿತ್ತು. ಅದು ಆಗಲೇ ಅವಳ ಬಳೆ ಹಿಡಿದು ಎದ್ದು ನಿಲ್ಲಲು ಹೆಣಗುತ್ತಿತ್ತು. ಅಕ್ಕ ಒಂದು ಚಣವೂ ತಡವರಿಸಲಿಲ್ಲ. ಒಂಬತ್ತು ತಿಂಗಳು, ಎಂದಳು. ಆಮೇಲೆ ಅರಸೀಕೆರೆಯವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಆ ದಿನದಲ್ಲಿ ನನಗೆ ಖಚಿತವಾಗಿ ನೆನಪಿರುವುದು ಅದೊಂದೇ: ಅಕ್ಕನ ಕಿವಿಯ ಹಿಂಭಾಗ, ಅದರ ಮೇಲೆ ಮಳೆಯ ಹನಿ.

ಅರಸೀಕೆರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು. ರೈಲ್ವೆಯವರು, ಅಂಗಡಿಯವರು ಎಲ್ಲ ಅವರ ಹತ್ತಿರ ಹೋಗುತ್ತಿದ್ದರು. ತಿಪ್ಪಿಯ ಕುಲಾವಿ ಬಿಚ್ಚಿ ನೆತ್ತಿ ಮುಟ್ಟಿದರು, ಮಣಿಕಟ್ಟು ಒತ್ತಿದರು, ಪಕ್ಕೆಯ ಮೇಲೆ ಬೆರಳಾಡಿಸಿದರು. ಏನು ಕೊಡುತ್ತೀರಿ ಎಂದು ಕೇಳಿದರು. ಅಕ್ಕ ಹೇಳಿದಳು. ಮಗು ಎಷ್ಟು ಹೊತ್ತು ಬಿಸಿಲಲ್ಲಿರುತ್ತೆ ಎಂದರು. ಇದು ತಾಯಿಯ ಮೇಲಿನ ಆಕ್ಷೇಪಣೆ ಎಂದುಕೊಂಡು ಅಕ್ಕ ನೆಟ್ಟಗೆ ಕೂತಳು.

“ನಮ್ಮ ಮಗು ಬಿಸಿಲು ಕಂಡೇ ಇಲ್ಲ ಡಾಕ್ಟರೇ. ಅಷ್ಟು ಜೋಪಾನ ಮಾಡಿದೀವಿ.”

ಡಾಕ್ಟರು ಕುಲಾವಿಯನ್ನು ಮಡಿಸಿ ಮೇಜಿನ ಮೇಲಿಟ್ಟರು. “ಜೋಪಾನಕ್ಕೇನೂ ಕಡಿಮೆ ಇಲ್ಲಮ್ಮ,” ಎಂದರು. “ಗಿಡಾನ ಪೆಟ್ಟಿಗೇಲಿಟ್ಟು ನೀರು ಹಾಕಿದೀರಿ.”

ಎಲುಬು ಮೆತ್ತಗಾಗಿದೆ, ಬಾಗಿದ್ದು ಬಲಿಯುವುದಕ್ಕೆ ಮುಂಚೆ ಸರಿಮಾಡಬೇಕು, ಬರುವ ಬೇಸಿಗೆ ದಾಟಿದರೆ ಹೀಗೇ ನಿಲ್ಲುತ್ತದೆ, ಬರುವ ಕೆಮ್ಮು ನೆಗಡಿಯನ್ನು ತಡೆಯುವ ಶಕ್ತಿಯೂ ಈ ಮೈಯಲ್ಲಿಲ್ಲ ಎಂದರು. ಬಿಸಿಲಲ್ಲಿ ಬಿಡಿ, ರಾಗಿ ಕೊಡಿ, ಹಾಲು ಕೊಡಿ, ಎಂದು ಹೇಳಿ ಬೀರುವಿನಿಂದ ಒಂದು ಸೀಸೆ ತೆಗೆದಿಟ್ಟರು. ದಿನಾ ಒಂದು ಚಮಚ. ಅಕ್ಕ ಬಿರಡೆ ತೆಗೆದು ಮೂಸಿ, ತಟ್ಟನೆ ಮೂಗಿಗೆ ಸೆರಗು ಹಿಡಿದಳು. ಮೀನಿನ ಎಣ್ಣೆ.

ಬೇಲೂರಿಗೆ ಹಿಂತಿರುಗಿದ ಮೇಲೆ ಅಕ್ಕ ಏನನ್ನೂ ಬಚ್ಚಿಡದೆ ಹೇಳಿದಳು. ಸೀಸೆಯನ್ನು ಮಾತ್ರ ಹಳೇಬೀಡಿನ ನನ್ನ ಕೋಣೆಯಲ್ಲಿ ಬಿಟ್ಟು ಬಂದಿದ್ದಳು. ಅದು ಜಾಣತನ. ಸುಬ್ಬಮ್ಮನವರು ಕೂಗಾಡಲಿಲ್ಲ. ಆ ಸೀಸೆ ಹೊಸಿಲು ದಾಟಿದ ದಿನ ಮಗನ ಸೇವೆ ನಿಂತುಹೋಗುತ್ತದೆ, ಮೀನಿನೆಣ್ಣೆ ಇರುವ ಮನೆಯಿಂದ ಬಂದವನು ನೈವೇದ್ಯದ ಕೊಳಗ ಹೇಗೆ ಮುಟ್ಟುತ್ತಾನೆ, ಎಂದರು. ಅದು ಬೆದರಿಕೆಯಲ್ಲ, ಅವರ ಲೆಕ್ಕದಲ್ಲಿ ಸರಿಯಾದ ಮಾತೇ. ಬಿಸಿಲಿನ ಮಾತಿಗೆ ಅವರು ಕಣ್ಣು ಮುಚ್ಚಿಕೊಂಡರು. ಇಬ್ಬರನ್ನ ಬಿಸಿಲಲ್ಲೇ ಕಳಕೊಂಡಿಯಲ್ಲೇ, ಎಂದರು. ಅಕ್ಕನ ಮೊದಲ ಮಕ್ಕಳು ಬೇಸಿಗೆಯ ವಾಂತಿಭೇದಿಯಲ್ಲಿ ಹೋಗಿದ್ದರು. ಭಾವನವರು ಗೋಡೆಗೆ ಒರಗಿ, ತಮ್ಮ ಬಾಗಿದ ಮಂಡಿಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದರು.

ಭಾದ್ರಪದ ಕಳೆದು ಮಳೆ ಹಿಂಜರಿಯಿತು. ಮಹಾನವಮಿ ರಜಕ್ಕೆ ನಾನು ಅಲ್ಲಿದ್ದಾಗ ಸಂತೆಯ ದಿನ ಬಂತು. ಕೆಂಪವ್ವ ಬೆಣ್ಣೆ ಇಳಿಸಿ, ಎಂದಿನಂತೆ ನನ್ನ ಮಗೀನ ಏನ್ ಮಾಡ್ದ್ರಿ ಎಂದಳು. ಸುಬ್ಬಮ್ಮನವರು ಬೆಣ್ಣೆಗೆ ತಪ್ಪಲೆ ತರಲು ತಿರುಗಿದರು. ಅಷ್ಟರಲ್ಲಿ ಅಕ್ಕ ಕೋಣೆಯಿಂದ ತಿಪ್ಪಿಯನ್ನು ಎತ್ತಿಕೊಂಡು, ನಡುಮನೆ ದಾಟಿ, ಹಿತ್ತಿಲ ಬಿಸಿಲಿಗೆ ನೇರವಾಗಿ ನಡೆದುಬಂದಳು. ಕುಲಾವಿಯೂ ಇಲ್ಲ, ಸೆರಗೂ ಇಲ್ಲ. ಮಗು ಬೆಳಕಿಗೆ ಕಣ್ಣು ಕಿರಿದು ಮಾಡಿ ಅಳಲು ಶುರುಮಾಡಿತು. ಅಕ್ಕ ಅವಳನ್ನು ಕೆಂಪವ್ವನ ಮುಂದೆ ನೆಲದ ಮೇಲೆ ಕೂರಿಸಿದಳು.

“ನಿನ್ನ ಮಗು, ಕೆಂಪವ್ವ. ಕರ್ಕೊಂಡು ಹೋಗು.”

ಕೆಂಪವ್ವ ನಕ್ಕಳು. ಅಕ್ಕ ನಗಲಿಲ್ಲ. ಸುಬ್ಬಮ್ಮನವರು ತಪ್ಪಲೆ ಹಿಡಿದು ಬಾಗಿಲಲ್ಲಿ ನಿಂತರು. “ಏನೇ ಇದು, ಲಕ್ಷ್ಮಿ? ಒಳಗೆ ತಗೊಂಡು ಬಾ ಮಗೂನ.”

“ಮಾರಿದ್ದು ನೀವೇ ಅಲ್ವೇ ಅತ್ತೆ? ಮೊರ ಹಿಡಿದಿದ್ದು ನಿಮ್ಮ ಕೈಯಾರೆ. ಕೊಂಡವಳ ಮನೇಲಿ ಮಗು ಏನು ತಿಂದರೆ ನಮಗೇನು ಮೈಲಿಗೆ?”

ಆ ಹೊತ್ತಿನ ಸುಬ್ಬಮ್ಮನವರ ಮುಖವನ್ನು ನಾನು ಈಗಲೂ ಬಣ್ಣಿಸಲಾರೆ. ಅವರು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು: ಅದೆಲ್ಲ ಸುಮ್ಮನೆ ಶಾಸ್ತ್ರಕ್ಕೆ ಮಾಡಿದ್ದು ಕಣೇ, ನಿಜವಾಗಿ ಮಾರಿದ್ದಲ್ಲ. ಆ ಮಾತನ್ನು ಅವರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಕೇಳಬಾರದ್ದಕ್ಕೆ ಕೇಳಿಸುತ್ತದೆ. ಎರಡು ವರ್ಷ ಆ ಕೂಸನ್ನು ಕಾದದ್ದು ಆ ಮಾರಾಟವೇ ಎಂದು ಅವರು ನಂಬಿದ್ದರು. ತಪ್ಪಲೆಯನ್ನು ಕೆಳಗಿಟ್ಟರು. ಅಕ್ಕ ಇದನ್ನೆಲ್ಲ ಮೊದಲೇ ಯೋಚಿಸಿ ಬಂದಿದ್ದಳೇ, ಅಥವಾ ಬಿಸಿಲಿಗೆ ಬಂದಾಗ ಹೊಳೆಯಿತೇ? ಕೇಳಿದ್ದೇನೆ. ಒಂದೊಂದು ಸಲ ಒಂದೊಂದು ಹೇಳಿದ್ದಾಳೆ.

ಕೆಂಪವ್ವನಿಗೂ ಅದು ನಗುವ ಮಾತಾಗಿ ಉಳಿಯಲಿಲ್ಲ. ಅವಳು ಕುಕ್ಕರುಗಾಲಲ್ಲಿ ಕೂತು ತಿಪ್ಪಿಯ ಕಾಲನ್ನು ಮುಟ್ಟಿ ನೋಡಿದಳು. ಐನೋರ ಮನೆ ಕೂಸು ನಮ್ಮಟ್ಟೀಲಿ ಹೆಚ್ಚು ಕಮ್ಮಿ ಆದ್ರೆ ಊರೇ ನನ್ನ ಉಗೀತದೆ, ಗಂಡ ಮನೆ ಸೇರಿಸಾಕಿಲ್ಲ, ಎಂದಳು. ತಿಪ್ಪಿ ಅಳು ನಿಲ್ಲಿಸಿ, ಅಂಗಳದ ಕಲ್ಲಿನ ಮೇಲೆ ಬಿದ್ದ ತನ್ನ ನೆರಳನ್ನು ಮುಟ್ಟಲು ಹೋಗಿ ಪಕ್ಕಕ್ಕೆ ವಾಲಿದಳು. ಕೆಂಪವ್ವ ಅವಳನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

“ಆಯ್ತು. ಆದ್ರೆ ಒಂದ್ ಮಾತೈತೆ, ಚಿಕ್ಕವ್ವಾರೆ. ಸುಗ್ಗಿ ಮುಗಿಯೋಗಂಟ ನೀವು ಆ ಕಡೆ ಮೊಕ ತೋರಿಸ್ಬಾರ್ದು. ಹೆತ್ತೋಳ ಮೊಕ ಕಂಡ್ರೆ ಕೂಸು ಅನ್ನ ಬಿಡ್ತದೆ.”

ಇದೂ ಒಂದು ನಂಬಿಕೆಯೇ. ಸುಬ್ಬಮ್ಮನವರ ಕೋಣೆಗೆ ಎಷ್ಟು ಆಧಾರವೋ ಇದಕ್ಕೂ ಅಷ್ಟೇ. ಅಕ್ಕ ಒಪ್ಪಿದಳು. ತಲೆಯಾಡಿಸಿದಳು. ಗಾಡಿ ಬೀದಿಯ ತಿರುವು ದಾಟುವಾಗ ಸುಬ್ಬಮ್ಮನವರು ಹಿಂದಿನಿಂದ ಓಡಿಹೋಗಿ, ತಮ್ಮ ಕೊರಳಿನ ಕರಿಮಣಿಯ ಒಂದೆಳೆ ಬಿಚ್ಚಿ ಮಗುವಿನ ಕೈಗೆ ಕಟ್ಟಿದರು.

ಮಾದಿಹಳ್ಳಿ ನನ್ನ ಶಾಲೆಗೆ ದೂರವಿರಲಿಲ್ಲ. ಹೀಗಾಗಿ ಆ ಸುಗ್ಗಿಯುದ್ದಕ್ಕೂ ಎರಡು ಮನೆಯ ನಡುವೆ ಸುದ್ದಿ ಹೊರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಕೆಂಪವ್ವನಿಗೆ ಸೀಸೆ ಕೊಟ್ಟು, ದಿನಕ್ಕೊಂದು ಚಮಚ ಎಂದು ಹೇಳಿ ಬಂದೆ. ಅವಳ ಮನೆ ತೆಂಗಿನ ತೋಟದ ಅಂಚಿನಲ್ಲಿ. ಮುಂದೆ ಒಂದು ಅಗಲವಾದ ಬಂಡೆ, ಅದರ ಮೇಲೆ ಹುರುಳಿಯೋ ರಾಗಿಯೋ ಒಣಗುತ್ತಲೇ ಇರುತ್ತಿತ್ತು. ಒಣಗುವ ಕಾಳಿನ ಪಕ್ಕದಲ್ಲಿ ತಿಪ್ಪಿ, ಉಡಿದಾರ ಬಿಟ್ಟರೆ ಮೈಮೇಲೆ ಏನೂ ಇಲ್ಲದೆ. ಮೊದಮೊದಲು ಅವಳು ಬೆಳಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಕೆಂಪವ್ವನ ಮಕ್ಕಳು ಹೋಗಿ ಬಂದು ಅವಳನ್ನು ಎತ್ತುವರು, ಎಳೆಯುವರು, ಸೊಂಟದಲ್ಲಿಟ್ಟುಕೊಂಡು ಕೆರೆ ಏರಿಗೆ ಓಡುವರು. ದೊಡ್ಡವಳು ನಿಂಗಿ ತಾನು ತಿನ್ನುವ ಮುದ್ದೆಯಲ್ಲಿ ಒಂದು ತುಣುಕು ಮುರಿದು, ಸಾರಿನಲ್ಲಿ ಅದ್ದಿ ಅವಳ ಬಾಯಿಗೆ ತುರುಕುವಳು. ಆ ಮನೆಯಲ್ಲಿ ಕೋಳಿಗಳಿದ್ದವು. ಅವು ಇಟ್ಟ ಮೊಟ್ಟೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಶನಿವಾರ ಬೇಲೂರಿಗೆ ಹೋದರೆ ಅಕ್ಕ ಬಾವಿಯ ಹತ್ತಿರ ಕಾದಿರುತ್ತಿದ್ದಳು. “ನಿಂತ್ಲಾ?” ಅಷ್ಟೇ ಅವಳ ಪ್ರಶ್ನೆ. ಇನ್ನೂ ಇಲ್ಲ ಎಂದರೆ ಬೇರೆ ಬೇರೆ ಕೇಳುತ್ತಿದ್ದಳು. ತಲೆ ಬೆವರುತ್ತದೆಯೇ, ನಾಲಗೆ ಕೆಂಪಗಿದೆಯೇ, ಯಾರ ಪಕ್ಕ ಮಲಗುತ್ತಾಳೆ, ಎತ್ತಿಕೊಂಡರೆ ಮುಖ ಕಿವುಚುತ್ತಾಳೆಯೇ. ನಾನು ಗಂಡಸು ನೋಡುವ ಹಾಗೆ ನೋಡಿ ಬಂದಿರುತ್ತಿದ್ದೆ. ಕೆಂಪಗಿದೆ ಎಂದುಬಿಡುತ್ತಿದ್ದೆ. ಅವಳ ಮುಖ ಅರಳಿದರೆ ಇನ್ನೆರಡು ಸೇರಿಸುತ್ತಿದ್ದೆ. ಹೀಗೆ ಬಾವಿಕಟ್ಟೆಯಲ್ಲಿ ಬೆಳೆದ ತಿಪ್ಪಿ ಒಬ್ಬಳು, ಬಂಡೆಯ ಮೇಲೆ ಬೆಳೆದವಳು ಇನ್ನೊಬ್ಬಳು. ಈಗ ಇಬ್ಬರನ್ನೂ ಬಿಡಿಸಿ ನೋಡುವುದು ಕಷ್ಟ. ಸುಬ್ಬಮ್ಮನವರು ಅಕ್ಕ ಎದುರಿಗಿಲ್ಲದಾಗ ಮಾತ್ರ ಕೇಳುತ್ತಿದ್ದರು, ರಾತ್ರಿ ಅಳುತ್ತಾಳೇನೋ ಎಂದು. ಬೆನ್ನು ತಟ್ಟಬೇಕು, ಮೆಲ್ಲಗೆ, ಇಲ್ಲದಿದ್ದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ ಎಂದು ಹೇಳಿ ಕಳಿಸಿದರು. ನಾನು ಅದನ್ನು ಕೆಂಪವ್ವನಿಗೆ ಮುಟ್ಟಿಸಿದೆ. ನನ್ನ ಮಕ್ಕಳ ಮಧ್ಯೆ ಮೂಟೆ ಹಂಗೆ ಬಿದ್ದಿರ್ತಾಳೆ, ಯಾರಿಗೆ ಯಾರು ತಟ್ಟೋರು, ಎಂದು ಅವಳು ನಕ್ಕಳು. ಆ ಉತ್ತರವನ್ನು ನಾನು ಬೇಲೂರಿಗೆ ಒಯ್ಯಲಿಲ್ಲ. ತಟ್ಟುತ್ತಾಳಂತೆ ಎಂದೆ.

ಕಾರ್ತಿಕದಲ್ಲಿ ಒಮ್ಮೆ ತಿಪ್ಪಿಗೆ ಕೆಮ್ಮು ಬಂದು ಎದೆ ಗೊರಗುಟ್ಟಿತು. ಕೆಂಪವ್ವನ ಗಂಡ ಅಂಗಳದಲ್ಲಿ ನನ್ನನ್ನು ತಡೆದು, ಮೇಷ್ಟ್ರೇ, ವಾಪಸ್ ತಕ್ಕೊಂಡೋಗಿ, ನಮ್ಗ್ಯಾಕೆ ಈ ಉಸಾಬರಿ, ಎಂದ. ಅವನ ಭಯ ನ್ಯಾಯವಾದದ್ದು. ಕೆಂಪವ್ವ ಒಳಗಿನಿಂದಲೇ, ಕೊಂಡೋಳು ನಾನು, ನೀನಲ್ಲ, ಎಂದಳು. ಮೂರು ದಿನವೋ ನಾಲ್ಕು ದಿನವೋ ಅವಳು ಮಗುವನ್ನು ಎದೆಗೆ ಕಟ್ಟಿಕೊಂಡೇ ಕೊಟ್ಟಿಗೆ ಕೆಲಸ ಮಾಡಿದಳು. ಕೆಮ್ಮು ಇಳಿಯಿತು. ಇದನ್ನು ನಾನು ಅಕ್ಕನಿಗೆ ಎಲ್ಲ ಮುಗಿದ ಮೇಲೆ ಹೇಳಿದೆ.

ತಿಪ್ಪಿ ಮೊದಲು ನಿಂತದ್ದು ಯಾವಾಗ ಎಂಬುದಕ್ಕೆ ಮೂರು ಕತೆಗಳಿವೆ. ನಿಂಗಿ ಹೇಳುವಂತೆ, ಕೋಳಿಮರಿಯೊಂದನ್ನು ಹಿಡಿಯಲು ಹೋಗಿ, ಹಿಡಿಯುವ ಆಸೆಯಲ್ಲಿ ತಾನು ನಿಂತದ್ದನ್ನೇ ಮರೆತಳು. ಕೆಂಪವ್ವ ಹೇಳುವಂತೆ, ಬಂಡೆಯ ಮೇಲೆ ಎಣ್ಣೆ ತಿಕ್ಕಿ ಬಿಟ್ಟಾಗ ಅವಳ ಸೀರೆ ಹಿಡಿದು ಎದ್ದಳು. ನಾನು ಕಂಡದ್ದು ಮಜ್ಜಿಗೆ ಕಡೆಯುವ ಕಂಬವನ್ನು ತಬ್ಬಿ, ಅದರ ಜೊತೆಗೇ ಅಲುಗುತ್ತ ನಿಂತದ್ದು. ಆದರೆ ಆ ಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದುದು ಬೆಳಗಿನ ಜಾವ. ನಾನು ಹೋಗುತ್ತಿದ್ದುದು ಶಾಲೆ ಬಿಟ್ಟ ಮೇಲೆ. ಹಾಗಾದರೆ ಕಂಬ ಎಲ್ಲಿಂದ ಬಂತು? ಗೊತ್ತಿಲ್ಲ. ಕಂಬವಿದೆ, ಅದನ್ನು ತಬ್ಬಿದ ಕೈಯ ಕರಿಮಣಿಯೂ ಇದೆ. ಕಿತ್ತು ಹಾಕಲು ನನ್ನಿಂದಾಗುವುದಿಲ್ಲ.

ಎಣ್ಣೆಯ ವಿಷಯ ತಿಳಿದದ್ದೂ ಆ ದಿನಗಳಲ್ಲೇ. ಸ್ನಾನದ ಕಲ್ಲಿನ ಹತ್ತಿರ ಸೀಸೆ ಬಹುಮಟ್ಟಿಗೆ ಖಾಲಿಯಾಗಿ ನಿಂತಿತ್ತು. ನನಗೆ ಸಂತೋಷವಾಯಿತು. ಒಂದು ದಿನವೂ ತಪ್ಪಿಸದೆ ಕುಡಿಸಿದೆಯಲ್ಲ ಎಂದು ಹೊಗಳಿದೆ. ಕೆಂಪವ್ವ ನನ್ನ ಮುಖ ನೋಡಿದಳು.

“ಕುಡಿಸೋದಾ? ನಾಯಿನೂ ಮೂಸಾಕಿಲ್ಲ ಇದ್ನ. ಕಾಲಿಗೆ ತಿಕ್ಕಿದೀನಿ ಮೇಷ್ಟ್ರೇ. ಕಾಲು ತಾನೇ ಸೊಟ್ಟ ಇದ್ದಿದ್ದು?”

ಅಷ್ಟು ದಿನದ ಔಷಧ ಬಂಡೆಯ ಪಾಲಾಗಿತ್ತು. ಆದರೆ ಎದುರಿಗೆ ತಿಪ್ಪಿ ನಿಂಗಿಯ ಬೆರಳು ಹಿಡಿದು ನಿಂತಿದ್ದಳು. ಹೊಟ್ಟೆ ಇಳಿದಿತ್ತು. ಹಣೆ ಒಣಗಿತ್ತು. ಮುಂದಿನ ಸಲ ಅರಸೀಕೆರೆಗೆ ಹೋದಾಗ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ, ಬಿಸಿಲಲ್ಲೇ ತಾನೆ ತಿಕ್ಕಿದ್ದು, ಸರಿ ಬಿಡಿ, ಎಂದರು. ಹಾಗಾದರೆ ಬಿಸಿಲೇ ಕಾರಣವೇ ಎಂದು ಕೇಳಿದೆ. ಬಿಸಿಲಿಲ್ಲದೆ ಆಗುತ್ತಿರಲಿಲ್ಲ ಎಂದರು, ಬರೀ ಬಿಸಿಲಿನಿಂದ ಆಯಿತು ಅಂತ ಮಾತ್ರ ಬರಕೊಬೇಡಿ ಎಂದರು.

ಬರೆದುಕೊಳ್ಳಲಿಲ್ಲ. ಈಗಲೂ ಒಂದೇ ಕಾರಣ ಹಿಡಿಯಲು ಹೋದರೆ ಉಳಿದವು ಜಗ್ಗುತ್ತವೆ. ರಾಗಿ ಇತ್ತು. ಎಮ್ಮೆಯ ಹಾಲಿತ್ತು. ಕೇಳದೆ ಬಿಟ್ಟ ಮೊಟ್ಟೆಗಳಿದ್ದವು. ಎಳೆದಾಡುವ ಮಕ್ಕಳಿದ್ದರು, ಹಿಡಿಯಬೇಕೆನ್ನಿಸುವ ಕೋಳಿಮರಿ ಇತ್ತು, ಬಿದ್ದರೆ ಯಾರೂ ಅಯ್ಯೋ ಎನ್ನದ ಅಂಗಳವಿತ್ತು. ಕೋಣೆಯಲ್ಲ, ತಿಳಿಗಂಜಿಯಲ್ಲ, ಆದರೆ ಅವಳನ್ನು ಅಲ್ಲಿಯವರೆಗೆ ಜೀವಂತ ಮುಟ್ಟಿಸಿದ, ರಾತ್ರಿ ಬೆನ್ನು ತಟ್ಟಿದ ಕೈಯೂ ಈ ಸಾಲಿನಲ್ಲಿ ಇರಬೇಕಲ್ಲವೇ? ಸೊಟ್ಟ ಕಾಲಿನ ಭಾವನವರು ಒಮ್ಮೆ ನನ್ನನ್ನು ದೇವಸ್ಥಾನದ ಹೊರಗೆ ನಿಲ್ಲಿಸಿ, ನೆಟ್ಟಗಾಗ್ತಿದೆಯೇನೋ ಎಂದು ಕೇಳಿದರು. ಆಗ್ತಿದೆ ಎಂದೆ. ನಮ್ಮ ವಂಶದ್ದಲ್ಲ ಹಾಗಾದ್ರೆ, ಎಂದರು. ನಕ್ಕರೋ ಇಲ್ಲವೋ, ಕತ್ತಲಾಗುತ್ತ ಬಂದಿತ್ತು, ಕಾಣಲಿಲ್ಲ.

ಶಿವರಾತ್ರಿ ಕಳೆದು ಕಣ ಖಾಲಿಯಾಯಿತು. ಕೆಂಪವ್ವ ಸಂತೆಗೆ ಬಂದವಳು, ಇನ್ನು ಬರಬಹುದು ಎಂದು ಹೇಳಿ ಕಳಿಸಿದಳು. ಅಕ್ಕ ಅತ್ತೆಯ ಮುಂದೆ ನಿಂತಳು. ಮಗು ಮನೆಗೆ ಬಂದರೆ ಏನೇನು ಶುದ್ಧಿ, ಯಾವ ಪ್ರಾಯಶ್ಚಿತ್ತ, ಎಂಬ ಮಾತಿಗೆ ಅವಳು ತಯಾರಾಗಿಯೇ ಇದ್ದಳು. ಸುಬ್ಬಮ್ಮನವರು ಅರಿಸಿನದ ನೀರು ಕಾಯಿಸಿಡುತ್ತೇನೆ ಎಂದರು. ಆಮೇಲೆ, ಗೋಡೆಯ ಕಡೆ ನೋಡುತ್ತ, ಆ ಕೋಣೇಲಿ ಮುಸುರೆ ಪಾತ್ರೆ ಇಡಿಸಿದೀನಿ, ಮಗು ಜಗುಲಿ ಮೇಲೇ ಇರಲಿ, ಎಂದರು.

ಬಾಡಿಗೆ ಗಾಡಿ ಮಾಡಿಕೊಂಡು ನಾನೂ ಅಕ್ಕನೂ ಮಾದಿಹಳ್ಳಿಗೆ ಹೋದೆವು. ಕೆಂಪವ್ವ ಬೇಕೆಂದೇ ಮಧ್ಯಾಹ್ನದ ಹೊತ್ತು ಹೇಳಿದ್ದಳು. ಮಗು ಉಂಡು ಮಲಗಿತ್ತು. ನಿದ್ದೆಯಲ್ಲೇ ಒಯ್ದುಬಿಡಿ, ಎದ್ರೆ ನನ್ ಕೈಲಿ ಆಗಾಕಿಲ್ಲ, ಎಂದಳು. ಅಕ್ಕನ ಮಡಿಲಿಗೆ ಮಗುವನ್ನು ಇಳಿಸಿ, ಹಿಂತಿರುಗಿ ನೋಡದೆ ಒಳಗೆ ಹೋಗಿ ಏನನ್ನೋ ಕುಟ್ಟತೊಡಗಿದಳು. ಗಾಡಿ ಊರು ದಾಟುವವರೆಗೂ ಒನಕೆಯ ಸದ್ದು ಕೇಳಿಸುತ್ತಿತ್ತು. ಅಕ್ಕ ಮಗುವನ್ನು ಹಿಡಿದುಕೊಂಡಿದ್ದ ರೀತಿ ವಿಚಿತ್ರವಾಗಿತ್ತು. ಅಭ್ಯಾಸ ತಪ್ಪಿದವಳ ಹಾಗೆ, ಭಾರವನ್ನು ಎಲ್ಲಿ ಇಡಬೇಕೆಂದು ತಿಳಿಯದೆ. ಮಗು ಭಾರವಾಗಿದೆ ಕಣೋ, ಎಂದಳು. ಅದನ್ನೇ ಮತ್ತೊಮ್ಮೆ ಹೇಳಿದಳು.

ಕೆರೆ ಏರಿ ಮುಗಿಯುವಲ್ಲಿ ಚಕ್ರ ಕುಣಿಗೆ ಬಿದ್ದು ತಿಪ್ಪಿ ಎಚ್ಚರಾದಳು. ಮೇಲಿದ್ದ ಮುಖವನ್ನು ನೋಡಿದಳು. ಅಕ್ಕ ನಗಲು ನೋಡಿದಳು. ತಿಪ್ಪಿ ಗಾಡಿಯೇ ಬಿರಿಯುವಂತೆ, ಅವ್ವಾ ಎಂದು ಕಿರುಚಿದಳು. ಕೆಂಪವ್ವನನ್ನು ಕರೆಯುವ ಕೂಗು ಅದು. ಅಕ್ಕ ಕೊಬ್ಬರಿ ಸಕ್ಕರೆ ತೋರಿಸಿದಳು, ಹೆಸರು ಹಿಡಿದು ಕರೆದಳು, ಶಾರದೆ ಎಂದಳು, ತಿಪ್ಪಿ ಎಂದಳು. ಮಗು ಅವಳ ಎದೆಗೆ ಒದ್ದು ಕೆಳಗೆ ಬೀಳುವಂತೆ ಬಾಗಿತು. ಒದ್ದ ಕಾಲಿನಲ್ಲಿ ಬಲವಿತ್ತು. ಗಾಡಿಯವನು ನಿಲ್ಲಿಸಿದ. ಅಕ್ಕ ಕೆಳಗಿಳಿದು ಮಗುವನ್ನು ರಸ್ತೆಯ ಮೇಲೆ ನಿಲ್ಲಿಸಿದಳು.

ತಿಪ್ಪಿ ನಿಂತಳು. ಅತ್ತ ಇತ್ತ ನೋಡಿದಳು. ತಿರುಗಿ, ಮಾದಿಹಳ್ಳಿಯ ಕಡೆಗೆ ನಡೆಯತೊಡಗಿದಳು.

ಕಾಲು ಪೂರ್ತಿ ನೆಟ್ಟಗಾಗಿರಲಿಲ್ಲ. ಅಗಲವಾಗಿ ಇಟ್ಟು, ಕೈಗಳನ್ನು ರೆಕ್ಕೆಯಂತೆ ಹಿಡಿದು, ಅಳುತ್ತಲೇ ನಡೆಯುತ್ತಿದ್ದಳು. ನಾನು ಓಡಿಹೋಗಿ ಹಿಡಿಯಲು ಹೊರಟೆ. ಅಕ್ಕ ನನ್ನ ಪಂಚೆಯ ಅಂಚು ಹಿಡಿದು ಎಳೆದಳು.

“ಮುಟ್ಟಬೇಡ ಕಣೋ ನಾಣಿ. ನಡೀಲಿ. ನಾನಿನ್ನೂ ನೋಡೇ ಇಲ್ಲ.”

ತಿಪ್ಪಿ ಬಿದ್ದಳು, ಕೈಯೂರಿ ಎದ್ದಳು, ಮತ್ತೆ ನಡೆದಳು. ಅಕ್ಕ ಅವಳ ಹಿಂದೆ ಒಂದಿಷ್ಟು ದೂರ ಬಿಟ್ಟು, ಚಪ್ಪಲಿಯಿಲ್ಲದ ಕಾಲಲ್ಲಿ, ಬೇಲೂರಿಗೆ ಬೆನ್ನು ಹಾಕಿ ನಡೆದಳು. ಅವಳ ತಲೆಯ ಸೆರಗು ಜಾರಿತ್ತು. ಏರಿಯ ಮೇಲೆ ಮರಗಳಿಲ್ಲ. ಇಬ್ಬರ ಮೇಲೂ ನೇರ ಬಿಸಿಲು. ಗಾಡಿಯವನು ಹೊತ್ತಾಯಿತು ಎಂದು ಗೊಣಗಿದ, ಆಮೇಲೆ ಎತ್ತುಗಳನ್ನು ನೀರಿಗೆ ಬಿಟ್ಟ. ಏರಿಯ ನಡುಮಧ್ಯ ತಲುಪುವಷ್ಟರಲ್ಲಿ ಮಗುವಿನ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆಯೂ ದಣಿಯಿತು. ತಿಪ್ಪಿ ಧೂಳಿನಲ್ಲಿ ಕೂತಳು. ಮುಂದೆ ಊರು ಕಾಣುತ್ತಿತ್ತು, ಆದರೆ ಕಾಲು ಒಲ್ಲೆ ಎಂದವು. ಅವಳು ಹಿಂತಿರುಗಿ ನೋಡಿ, ಎತ್ತಿಕೋ ಎಂದು ಎರಡೂ ತೋಳು ಮೇಲಕ್ಕೆ ಚಾಚಿದಳು. ಯಾರಿಗೆಂದು ಚಾಚಿದಳೋ ನನಗೆ ಗೊತ್ತಿಲ್ಲ. ಅಲ್ಲಿ ನಿಂತಿದ್ದವಳು ಅಕ್ಕ.